ನಾಲ್ಕು ಹೊತ್ತಿನ ಚೀಲ

ದಿನಕ್ಕೆ ನಾಲ್ಕು ಸಲ ಪಕ್ಕದ ಮನೆಯ ಓಸ್ಮೋ ನನ್ನ ಹೆಂಡತಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ನಾನು ಅಡುಗೆಮನೆಯಲ್ಲಿ ಕೂತು ಕಾಫಿ ಆರಿಸಿಕೊಳ್ಳುತ್ತಿದ್ದೆ. ಹೀಗೆ ಒಂದೇ ಉಸಿರಿಗೆ ಹೇಳಿದರೆ ನೀವು ಏನೇನೋ ಅಂದುಕೊಳ್ಳುತ್ತೀರಿ. ಅಂದುಕೊಳ್ಳಿ. ವಿಷಯವೆಲ್ಲ ಗೊತ್ತಿದ್ದೂ ನಾನು ಅದನ್ನೇ ಅಂದುಕೊಳ್ಳುತ್ತಿದ್ದೆ.

ವಿಷಯ ಇಷ್ಟೇ. ಹೆಲ್ವಿಯ ಮೂತ್ರಪಿಂಡಗಳು ಎರಡೂ ಕೈಕೊಟ್ಟಿದ್ದವು. ವಾರಕ್ಕೆ ಮೂರು ದಿನ ಆಸ್ಪತ್ರೆಗೆ ಹೋಗಿ ಯಂತ್ರಕ್ಕೆ ರಕ್ತ ಕೊಟ್ಟು ಕೂರುವುದು ತನ್ನಿಂದಾಗದು ಎಂದಳು. ಹಾಗಾಗಿ ಮನೆಯಲ್ಲೇ, ಹೊಟ್ಟೆಯ ಮೂಲಕವೇ ರಕ್ತ ತೊಳೆಯುವ ದಾರಿ ಹಿಡಿದೆವು. ಅವಳ ಹೊಕ್ಕುಳ ಪಕ್ಕದಲ್ಲಿ ಒಂದು ಮೆತ್ತನೆಯ ನಳಿಕೆ ಕೂರಿಸಿದರು. ಅದರ ಮೂಲಕ ಚೀಲದಿಂದ ಎರಡು ಲೀಟರ್ ಸಕ್ಕರೆ ನೀರನ್ನು ಹೊಟ್ಟೆಯೊಳಕ್ಕೆ ಬಿಡಬೇಕು, ನಾಲ್ಕೈದು ಗಂಟೆ ಒಳಗೇ ಇರಿಸಬೇಕು, ಆಮೇಲೆ ಅದನ್ನು ಖಾಲಿ ಚೀಲಕ್ಕೆ ಇಳಿಸಿಕೊಂಡು ಹೊಸದನ್ನು ತುಂಬಬೇಕು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮಲಗುವ ಮುಂಚೆ.

ಕೆನಡಾದ ಥಂಡರ್ ಬೇ ಎಂಬ ನಮ್ಮ ಊರಿನ ಆಸ್ಪತ್ರೆಯೊಂದರಲ್ಲಿ ಕೊರಿನ್ ಎಂಬ ನರ್ಸ್ ನಮಗೆ ಇದನ್ನು ಕಲಿಸಿದಳು. ಅಲ್ಲಿನ ಮೂಲನಿವಾಸಿಗಳಾದ ಓಜಿಬ್ವೆ ಜನದವಳು, ಮಾತು ಕಡಿಮೆ, ಕಣ್ಣು ಚುರುಕು. ಕಾಗದದ ಮೇಲೆ ಒಂದು ಗೆರೆ ಎಳೆದು ಹೇಳಿದಳು:

"ಹೊಟ್ಟೆ ಗೋಡೆಗೆ, ಕರುಳಿನ ಮೇಲೆಲ್ಲ ಒಂದು ತೆಳ್ಳನೆ ಪೊರೆ ಇರುತ್ತೆ. ಪೊರೆಯ ಆ ಕಡೆ ರಕ್ತ, ಈ ಕಡೆ ನಮ್ಮ ಸಕ್ಕರೆ ನೀರು. ಸಕ್ಕರೆ ಆ ಕಡೆಯ ನೀರನ್ನ ಈ ಕಡೆಗೆ ಎಳ್ಕೊಳುತ್ತೆ, ನೀರಿನ ಜೊತೆ ಕೊಳೇನೂ ಬರುತ್ತೆ."

"ಕೊಳೆ ಮಾತ್ರ ಬರುತ್ತಾ? ಒಳ್ಳೇದು ಬರಲ್ವಾ?" ಎಂದು ಕೇಳಿದೆ.

"ಬರುತ್ತೆ. ಅದೇ ತಲೆನೋವು. ಪ್ರೋಟೀನ್ ದಪ್ಪ, ಸುಲಭಕ್ಕೆ ನುಸುಳಲ್ಲ. ಆದ್ರೂ ದಿನಾ ಒಂದಿಷ್ಟು ಸೋರಿ ಹೋಗುತ್ತೆ. ಹೆಲ್ವಿಯವ್ರ ಪೊರೆ ಪರೀಕ್ಷೆ ಮಾಡಿ ನೋಡಿದ್ವಿ, ಸ್ವಲ್ಪ ಜಾಸ್ತಿನೇ ಸಡಿಲ. ಹೋದಷ್ಟನ್ನ ಊಟದಲ್ಲಿ ತುಂಬಿಸ್ಬೇಕು. ಮೊಟ್ಟೆ, ಮೀನು ಕೊಡಿ. ಉಪ್ಪು ಮೀನು ಮಾತ್ರ ಬೇಡ."

"ಉಪ್ಪಿಲ್ಲದ ಮೀನನ್ನ ನಮ್ಮ ಫಿನ್ಲೆಂಡಿನವರ ಮನೇಲಿ ಬೆಕ್ಕಿಗೆ ಹಾಕ್ತೀವಿ ಕಣಮ್ಮ," ಎಂದಳು ಹೆಲ್ವಿ.

ಹೆಲ್ವಿಯ ಬೆರಳುಗಳು ಸಂಧಿವಾತದಿಂದ ಸೊಟ್ಟಗಾಗಿದ್ದವು, ಚೀಲ ಬದಲಾಯಿಸುವ ಕೆಲಸ ಅವಳಿಂದ ಆಗುತ್ತಿರಲಿಲ್ಲ. ಅದು ನನ್ನ ಪಾಲಿಗೆ ಬರಬೇಕಿತ್ತು. ಕೆಲಸ ಕಷ್ಟವೇನಲ್ಲ. ನಳಿಕೆಯ ಮುಚ್ಚಳ ತೆಗೆದು ಚೀಲದ ಕೊಳವೆಗೆ ಸೇರಿಸುವ ನಾಲ್ಕೈದು ಸೆಕೆಂಡು ಮಾತ್ರ ಉಸಿರು ಬಿಗಿಹಿಡಿಯಬೇಕು. ಆಗ ಆ ತೆರೆದ ತುದಿ ಯಾವುದಕ್ಕೂ ತಾಗಬಾರದು. ಬಟ್ಟೆಗೆ, ಬೆರಳಿಗೆ, ಹಾಸಿಗೆಗೆ, ಯಾವುದಕ್ಕೂ.

"ತಾಗಿದ್ರೆ ತಾಗಿತು ಅಂತ ಹೇಳಿ," ಎಂದಳು ಕೊರಿನ್, ಮೂರು ಸಲ. "ಅಲ್ಲೇ ನಿಲ್ಲಿಸಿ ಫೋನ್ ಮಾಡಿ. ನಾನು ತುದಿ ಬದಲಾಯ್ಸಿ ಔಷಧಿ ಕೊಡ್ತೀನಿ, ಏನೂ ಆಗಲ್ಲ. ಹೇಳದೆ ಮುಚ್ಚಿಟ್ರೆ ಮಾತ್ರ ಹೊಟ್ಟೆ ಕೀವಾಗುತ್ತೆ."

ಮೂವತ್ತೊಂದು ವರ್ಷ ಮರದ ದಿಮ್ಮಿಗಳ ಲಾರಿ ಓಡಿಸಿದ ಕೈ ನನ್ನದು. ಒಂದು ಚಳಿಗಾಲ ಸರಪಳಿ ಬಿಗಿಯುವಾಗ ಹಿಮ ಕಚ್ಚಿ ಎರಡು ಬೆರಳಿನ ತುದಿಗಳಿಗೆ ಅಂದಿನಿಂದ ಸ್ಪರ್ಶವೇ ಇಲ್ಲ. ಕೊರಿನ್ ಎದುರು ಏಳು ಸಲ ಮಾಡಿ ತೋರಿಸಿದೆ, ಐದು ಸಲ ತಾಗಿಸಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಗ ಬಂದ ನಮ್ಮ ಓಸ್ಮೋ. ತನ್ನ ಹೆಂಡತಿ ಲೆಂಪಿಗೆ ನಾಲ್ಕು ವರ್ಷ ಇದೇ ಚೀಲ ಹಾಕಿದ್ದ. ಅವಳು ತೀರಿಕೊಂಡು ಎರಡು ಚಳಿಗಾಲವಾಗಿತ್ತು, ಹೃದಯ ನಿಂತು ಹೋದಳು ಎಂದು ಊರಿಗೆಲ್ಲ ಗೊತ್ತು. ಏಲಕ್ಕಿ ಹಾಕಿದ ಪುಲ್ಲ ಎಂಬ ಸಿಹಿ ರೊಟ್ಟಿಯೊಂದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದು, "ನಾನು ಹಾಕ್ತೀನಿ ಬಿಡು ಟೌನೋ, ಹೇಗೂ ಖಾಲಿ ಕೂತಿದ್ದೀನಿ," ಎಂದ. ಕೊರಿನ್ ಮುಖ ಅರಳಿತು. "ಓಸ್ಮೋನಾ? ಅವರ ಕೈ ಅಂದ್ರೆ ಕೈ. ನಾಲ್ಕು ವರ್ಷದಲ್ಲಿ ಒಂದ್ ಸಲಾನೂ ತಾಗಿಸಿಲ್ಲ," ಎಂದಳು. ಹೆಲ್ವಿ ಸುಮ್ಮನೆ ನಕ್ಕಳು. ರೊಟ್ಟಿಯನ್ನು ನಾನು ತಿನ್ನಲಿಲ್ಲ.

ಅವತ್ತಿನಿಂದ ನನ್ನ ಮನೆಯಲ್ಲಿ ನಾನೇ ಹೊರಗಿನವನಾದೆ. ಕಿಟಕಿ ಮುಚ್ಚಬೇಕು, ಫ್ಯಾನ್ ನಿಲ್ಲಿಸಬೇಕು, ಬಾಗಿಲು ಹಾಕಬೇಕು, ಒಳಗಿರುವವರು ಮುಖಕ್ಕೆ ಮಾಸ್ಕ್ ಕಟ್ಟಬೇಕು, ಬೇರೆ ಯಾರೂ ಇರಬಾರದು. ಕೊರಿನ್ ಬರೆದುಕೊಟ್ಟ ನಿಯಮ ಇದು, ಗೋಡೆಗೆ ಅಂಟಿಸಿತ್ತು. ಆ ಬೇರೆ ಯಾರೂ ಅಂದರೆ ನಾನು. ಚೀಲವನ್ನು ಬೆಚ್ಚಗೆ ಮಾಡಿ ಕೊಡುವುದು ನನ್ನ ಕೆಲಸ. ಅವನು ಇಳಿಸಿಕೊಟ್ಟ ಚೀಲವನ್ನು ಅಡುಗೆಮನೆಯ ಮೇಜಿನ ಮೇಲೆ ಫಿನ್ನಿಶ್ ಪತ್ರಿಕೆ ಹಾಸಿ ಅದರ ಮೇಲಿಟ್ಟು ನೋಡುವುದು, ಅಕ್ಷರ ಓದಲು ಬಂದರೆ ನೀರು ಶುದ್ಧ, ಆಮೇಲೆ ತೂಗಿ ಬರೆದಿಟ್ಟು ಕಕ್ಕಸಿಗೆ ಸುರಿಯುವುದು. ಅವನಿಗೆ ದೇವರ ಕೋಣೆಯ ಕೆಲಸ, ನನಗೆ ಕಕ್ಕಸಿನ ಕೆಲಸ.

ಅವನು ಬರುವಾಗ ತಲೆ ಬಾಚಿಕೊಂಡು ಬರುತ್ತಿದ್ದ. ಅರವತ್ತೊಂಬತ್ತು ವರ್ಷದ ಗಂಡಸು, ಪಕ್ಕದ ಮನೆಗೆ ಬರಲು ತಲೆ ಬಾಚುತ್ತಾನೆ! ನನ್ನ ಸಿಂಕಿನಲ್ಲಿ ಮೊಣಕೈವರೆಗೆ ಮೂರು ನಿಮಿಷ ಕೈ ತೊಳೆಯುತ್ತ ಹಳೆಯದೊಂದು ಟ್ಯಾಂಗೋ ಕುಣಿತದ ಹಾಡು ಗುನುಗುತ್ತಿದ್ದ. ನಾನು ಹೆಲ್ವಿಯನ್ನು ನೋಡುವುದಕ್ಕೆ ಮೊದಲೇ, ಫಿನ್ನಿಶ್ ಸಭಾಭವನದ ನೃತ್ಯದಲ್ಲಿ ಇವನು ಅವಳ ಜೊತೆ ಕುಣಿದಿದ್ದ. ಒಂದೇ ಒಂದು ಸಂಜೆ. ಅದನ್ನು ಹೆಲ್ವಿಯೇ ನನಗೆ ಹೇಳಿದ್ದಳು, ನಗುತ್ತ. ನಲವತ್ತೊಂದು ವರ್ಷ ಅದು ನನಗೆ ನೆನಪಿರಲಿಲ್ಲ, ಈಗ ದಿನಕ್ಕೆ ನಾಲ್ಕು ಸಲ ನೆನಪಾಗುತ್ತಿತ್ತು.

ಒಳಗಿನಿಂದ ನಗು ಕೇಳುತ್ತಿತ್ತು. ಕಾಯಿಲೆಯವಳು ನಗುತ್ತಿದ್ದಾಳೆ ಎಂದು ಗಂಡ ಸಂತೋಷಪಡಬೇಕು. ನನಗೆ ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಗುತ್ತಿತ್ತು.

"ಅಷ್ಟೊಂದು ನಗು ಏನಕ್ಕೆ ಬಂತು?" ಎಂದು ಒಂದು ದಿನ ಕೇಳಿಯೇಬಿಟ್ಟೆ.

"ಮಾಸ್ಕ್ ಕಟ್ಕೊಂಡ್ರೆ ಅವನ ಕಿವಿ ಮುಂದಕ್ಕೆ ಬಾಗುತ್ತೆ. ಥೇಟ್ ಮೊಲ."

"ಕಿವಿ ನಂಗೂ ಇದೆ."

"ನಿಂಗಿರೋದು ಬಾಗಿಲಿಗೆ ಅಂಟಿಸೋ ಕಿವಿ," ಎಂದಳು. "ಮುದುಕ ಆದ್ರೂ ನಿನ್ನ ಹೊಟ್ಟೆಕಿಚ್ಚು ಮುದಿ ಆಗ್ಲಿಲ್ಲ ನೋಡು. ನಾಚ್ಕೆ ಆಗ್ಬೇಕು, ಸೊಂಟಕ್ಕೆ ನಳಿಕೆ ಕಟ್ಕೊಂಡ ಹೆಂಗಸಿನ ಮೇಲೆ ಅನುಮಾನ ಪಡ್ತೀಯಲ್ಲ!"

ನಾಚಿಕೆಯಾಯಿತು. ಆದರೆ ಕಿಚ್ಚು ಆರಲಿಲ್ಲ. ಅವರಿಬ್ಬರ ನಡುವೆ ಕೆಟ್ಟದ್ದೇನೂ ಇಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಒಳ್ಳೆಯದು ಇತ್ತಲ್ಲ, ಅದನ್ನೇ ನಾನು ಸಹಿಸದಾದೆ. ಅವಳ ಜೀವ ಉಳಿಸುವ ಕೈ ನನ್ನದಾಗಬೇಕಿತ್ತು. ಅವಳು ಕಣ್ಣು ಮುಚ್ಚಿ ನೆಚ್ಚಿಕೊಳ್ಳುವ ಕೈ ಅವನದಾಗಿತ್ತು.

ಫೆಬ್ರವರಿಯ ಒಂದು ಮಧ್ಯಾಹ್ನ. ಒಳಗೆ ಜೋರಾಗಿ ನಗು ಕೇಳಿಸಿತು. ಆಮೇಲೆ ಪಕ್ಕನೆ ಮೌನ. ನಗುವಿಗಿಂತ ಆ ಮೌನ ನನ್ನನ್ನು ಸುಟ್ಟಿತು. ಎದ್ದವನೇ ಹೋಗಿ ಬಾಗಿಲು ದಬಾರನೆ ತೆಗೆದೆ.

ಮೌನ ಏಕೆಂದು ತೆಗೆದ ಮೇಲೆ ತಿಳಿಯಿತು. ಆ ನಾಲ್ಕೈದು ಸೆಕೆಂಡು ಯಾರೂ ಮಾತಾಡಬಾರದು. ಓಸ್ಮೋ ಅವಳ ಮೇಲೆ ಬಾಗಿ ನಿಂತಿದ್ದ, ಎಡಗೈಯಲ್ಲಿ ಮುಚ್ಚಳ ತೆಗೆದ ನಳಿಕೆ. ಇಬ್ಬರೂ ಬೆಚ್ಚಿಬಿದ್ದು ನನ್ನತ್ತ ತಿರುಗಿದರು. ಅವರು ನೋಡಿದ್ದು ನನ್ನನ್ನು. ನಾನು ನೋಡಿದ್ದು ಆ ತುದಿಯನ್ನು. ಅವನ ಕೈ ಹಾರಿದಾಗ ಅದು ಹೆಲ್ವಿಯ ಉಣ್ಣೆ ಸ್ವೆಟರಿನ ತೋಳಿಗೆ ಸವರಿತು, ಒಂದು ರೆಪ್ಪೆ ಬಡಿಯುವಷ್ಟು ಹೊತ್ತು.

"ಏನಾಯ್ತೋ?" ಎಂದ ಓಸ್ಮೋ.

"ಕತ್ತರಿ ಎಲ್ಲಿದೆ ಅಂತ ಕೇಳೋಣ ಅಂತ ಬಂದೆ."

"ಬಾಗಿಲು ಹಾಕು ಮಾರಾಯ!" ಎಂದು ಹೆಲ್ವಿ ಕಿರುಚಿದಳು. ಓಸ್ಮೋ ನಳಿಕೆಯನ್ನು ಕೊಳವೆಗೆ ಸೇರಿಸಿ ತಿರುಗಿಸಿದ. ನಾನು ಬಾಗಿಲು ಹಾಕಿಕೊಂಡು ಬಂದೆ.

ಫೋನ್ ಅಡುಗೆಮನೆಯ ಗೋಡೆಯ ಮೇಲಿತ್ತು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಕೊರಿನ್‌ಳ ನಂಬರು. ನಾನು ಅದರ ಮುಂದೆ ನಿಂತೇ ಇದ್ದೆ. ತಾಗಿತು ಎಂದು ಹೇಳಿದರೆ ಮೊದಲ ಪ್ರಶ್ನೆ, ಬಾಗಿಲು ಯಾಕೆ ತೆಗೆದಿರಿ ಎಂದು. ಅದಕ್ಕೆ ಉತ್ತರ ಕೊಡುವ ಮುಖ ನನಗಿರಲಿಲ್ಲ. ಇದು ಅರ್ಧ ಸತ್ಯ. ಉಳಿದರ್ಧವನ್ನೂ ಹೇಳಿಬಿಡುತ್ತೇನೆ. ಒಂದು ಸಲ ಅವನ ಕೈಯಿಂದಲೂ ಕೆಡಲಿ ಎಂದು ನಾನು ಬಯಸಿದೆ. ನನ್ನ ಹೆಂಡತಿಯ ಹೊಟ್ಟೆಯೊಳಗೆ ಆಗುವ ಕೇಡನ್ನು, ಅದು ಅವನ ಹೆಸರಿಗೆ ಬರಲಿ ಎಂಬ ಒಂದೇ ಕಾರಣಕ್ಕೆ, ನಾನು ಬಯಸಿದೆ.

ಅವತ್ತು ಸಂಜೆಯ ಚೀಲ ತಿಳಿಯಾಗಿತ್ತು. ಮರುದಿನವೂ ತಿಳಿಯೇ. ಏನೂ ಆಗಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಮೂರನೆಯ ದಿನ ಬೆಳಿಗ್ಗೆ ಚೀಲವನ್ನು ಪತ್ರಿಕೆಯ ಮೇಲಿಟ್ಟರೆ ಅಕ್ಷರಗಳೇ ಇಲ್ಲ. ನೀರು ಮಜ್ಜಿಗೆಯ ತಿಳಿಯಂತೆ ಬೆಳ್ಳಗೆ ಕದಡಿತ್ತು.

ಆ ಚೀಲ ಕಂಡಾಗ ನನಗೆ ಮೊದಲು ಆದದ್ದು ಸಂತೋಷ. ಸಿಕ್ಕಿಬಿದ್ದ, ಎಂದುಕೊಂಡೆ. ಅಷ್ಟರಲ್ಲಿ ಕೋಣೆಯಿಂದ ಹೆಲ್ವಿಯ ನರಳಾಟ ಕೇಳಿಸಿತು. ಚೀಲವನ್ನು ಅಲ್ಲೇ ಬಿಟ್ಟು ಕೆಂಪು ಶಾಯಿಯ ನಂಬರಿಗೆ ಫೋನ್ ಮಾಡಿದೆ.

ಆಸ್ಪತ್ರೆಯಲ್ಲಿ ಅವಳಿಗೆ ಜ್ವರ ಏರಿತ್ತು. ಹೊಟ್ಟೆ ಮುಟ್ಟಿದರೆ ಕೂಗುತ್ತಿದ್ದಳು. ಔಷಧಿಯನ್ನು ಚೀಲದ ನೀರಿನಲ್ಲೇ ಬೆರೆಸಿ ಒಳಗೆ ಬಿಡುತ್ತಿದ್ದರು. ನಾಲ್ಕು ದಿನದಲ್ಲಿ ಕಾಲುಗಳು ಊದಿಕೊಂಡವು, ಮುಖ ಮಾತ್ರ ಇಳಿದುಹೋಯಿತು. ನಾನು, ಓಸ್ಮೋ ಇಬ್ಬರೂ ಹಾಸಿಗೆಯ ಪಕ್ಕ ನಿಂತಿದ್ದಾಗ ಕೊರಿನ್ ಬಂದಳು.

"ಪೊರೆಗೆ ಉರಿಯೂತ ಆಗಿ ಸಡಿಲ ಬಿದ್ದಿದೆ," ಎಂದಳು. "ಪ್ರೋಟೀನ್ ಹೊಳೆ ಹರಿದ ಹಾಗೆ ಹೋಗ್ತಿದೆ. ಸಕ್ಕರೆ ಕ್ಷಣದಲ್ಲಿ ರಕ್ತಕ್ಕೆ ಸೇರ್ಕೊಂಡುಬಿಡುತ್ತೆ, ಆಮೇಲೆ ನೀರನ್ನ ಎಳೆಯೋಕೆ ಈ ಕಡೆ ಏನೂ ಉಳಿಯಲ್ಲ. ಅದಕ್ಕೇ ಈ ಊತ. ಪೊರೆ ಸುಧಾರಿಸ್ಕೊಂಡ್ರೆ ಸರಿ. ಇಲ್ದಿದ್ರೆ ಯಂತ್ರವೇ ಗತಿ. ಇನ್ನೂ ತಡ ಮಾಡಿ ಬಂದಿದ್ರೆ ಜೀವಕ್ಕೇ ಬರ್ತಿತ್ತು." ಆಮೇಲೆ ನಮ್ಮಿಬ್ಬರ ಮುಖ ನೋಡಿ ಕೇಳಿದಳು: "ಏನಾದ್ರೂ ತಾಗಿತ್ತಾ?"

ನಾನು ಬಾಗಿ ಹೆಲ್ವಿಯ ಹೊದಿಕೆ ಸರಿಪಡಿಸತೊಡಗಿದೆ.

"ಹೌದು," ಎಂದ ಓಸ್ಮೋ. "ನನ್ನ ಕೈ ತಪ್ಪಿತು. ತಪ್ಪು ನಂದೇ."

ಹೆಲ್ವಿ ಕಣ್ಣು ಬಿಟ್ಟಳು. ಸೊಟ್ಟ ಬೆರಳುಗಳಿಂದ ಅವನ ಮಣಿಕಟ್ಟು ಹಿಡಿದುಕೊಂಡಳು. "ಅಳಬೇಡ ಓಸ್ಮೋ," ಎಂದಳು. ಅವನು ಅಳುತ್ತಿದ್ದ. ಅವಳ ಕಣ್ಣಿನಲ್ಲೂ ನೀರು.

ನೀವು ನಂಬುತ್ತೀರೋ ಇಲ್ಲವೋ, ಆ ಗಳಿಗೆಯಲ್ಲೂ ನನಗೆ ಹೊಟ್ಟೆಕಿಚ್ಚು. ತಪ್ಪು ನನ್ನದು, ಕ್ಷಮೆ ಅವನಿಗೆ. ಅವನು ಸುಳ್ಳು ಹೇಳುತ್ತಿದ್ದಾನೆ, ನನ್ನನ್ನು ಉಳಿಸಿ ದೊಡ್ಡ ಮನುಷ್ಯನಾಗಲು ನೋಡುತ್ತಿದ್ದಾನೆ ಎನಿಸಿತು. ಆದರೂ ಬಾಯಿ ಬಿಡಲಿಲ್ಲ.

ಬಾಯಿ ಬಿಡದ್ದಕ್ಕೆ ನನಗೆ ಲಾಭವೇ ಆಯಿತು. ಓಸ್ಮೋನ ಕೈ ಇನ್ನು ಬೇಡ, ಗಂಡನೇ ಮತ್ತೆ ಕಲಿಯಲಿ ಎಂದು ಕೊರಿನ್ ನಿರ್ಧರಿಸಿದಳು. ಸೊಂಟಕ್ಕೆ ನಳಿಕೆ ಹೊಲಿದ ಒಂದು ಏಪ್ರನ್ ಕೊಟ್ಟಳು. ಮೂರು ವಾರ ಅದನ್ನು ದಿಂಬಿಗೆ ಕಟ್ಟಿ ದಿನಕ್ಕೆ ನೂರು ಸಲ ಮಾಡಿದೆ. ಸತ್ತ ಬೆರಳುಗಳನ್ನು ಮಡಿಸಿ, ಹೆಬ್ಬೆರಳು ಉಂಗುರದ ಬೆರಳುಗಳಲ್ಲಿ ಹಿಡಿಯುವ ಉಪಾಯ ನಾನೇ ಕಂಡುಕೊಂಡೆ. ಅಷ್ಟರಲ್ಲಿ ಹೆಲ್ವಿಯ ಜ್ವರ ಬಿಟ್ಟಿತು, ಊತ ಇಳಿಯಿತು, ಪೊರೆ ನಿಧಾನಕ್ಕೆ ದಾರಿಗೆ ಬಂತು. ಓಸ್ಮೋ ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ.

ಅವಳನ್ನು ಮನೆಗೆ ಕಳಿಸುವ ದಿನ, ಬುಧವಾರ, ಕೊರಿನ್ ಎದುರು ಪರೀಕ್ಷೆ ಕೊಟ್ಟೆ. ಹತ್ತಕ್ಕೆ ಹತ್ತು. ಹೆಲ್ವಿ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು.

"ಭಲೇ ಟೌನೋ," ಎಂದಳು ಕೊರಿನ್. ಒಂದು ಹಾಳೆ ಮುಂದೆ ತಳ್ಳಿದಳು. "ಇದಕ್ಕೊಂದು ಸಹಿ ಹಾಕಿ. ಸೋಂಕಿಗೆ ಕಾರಣ ಹಿಂದಿನ ಸಹಾಯಕನ ಕೈತಪ್ಪು ಅಂತ ಬರ್ದಿದ್ದೀನಿ. ಓಸ್ಮೋ ಅವ್ರು ಇನ್ಮೇಲೆ ಯಾರಿಗೂ ಮಾಡೋ ಹಾಗಿಲ್ಲ."

ಪೆನ್ನು ತೆಗೆದುಕೊಂಡೆ. ನನ್ನ ಕೋಣೆ, ನನ್ನ ಹೆಂಡತಿ, ನಾಲ್ಕು ಹೊತ್ತಿನ ಚೀಲ, ಎಲ್ಲ ಆ ಒಂದು ಸಹಿಯ ಆಚೆಗಿತ್ತು.

"ಪಾಪ," ಎಂದಳು ಹೆಲ್ವಿ. "ಎದೆ ಮೇಲೆ ಕೈ ಇಟ್ಕೊಂಡು ನಂದೇ ತಪ್ಪು ಅಂದ ನೋಡು. ಅಂಥ ಗಂಡಸರು ಎಷ್ಟು ಜನ ಇದ್ದಾರೆ?"

ಅಷ್ಟೇ. ಅದೊಂದು ಮಾತು ಸಾಕಾಯಿತು.

"ಅವನ ತಪ್ಪಲ್ಲ!" ಎಂದು ನಾನು ಕೂಗಿದೆ. ಆಚೆ ಕೋಣೆಯವರೂ ತಿರುಗಿ ನೋಡಿದರು. "ಬಾಗಿಲು ತೆಗೆದವನು ನಾನು. ತುದಿ ನಿನ್ನ ತೋಳಿಗೆ ತಾಗಿದ್ದನ್ನ ನೋಡಿದವನೂ ನಾನು. ನೋಡಿ ಸುಮ್ಮನಿದ್ದೆ. ತಾಗಿದ್ದನ್ನ ಅವನು ನೋಡೇ ಇಲ್ಲ."

ಕೊರಿನ್ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಕೈ ಕೆಲಸ ನಾನು ಕಲಿಸ್ಬಹುದು ಟೌನೋ," ಎಂದಳು. "ಕಂಡದ್ದನ್ನ ಹೇಳೋದನ್ನ ಎಲ್ಲಿಂದ ಕಲಿಸ್ಲಿ? ಸದ್ಯಕ್ಕೆ ನರ್ಸ್ ಮನೆಗೆ ಬಂದು ಚೀಲ ಹಾಕ್ತಾಳೆ. ನಿಮ್ಮ ವಿಷಯ ಡಾಕ್ಟರ್ ಹತ್ರ ಮಾತಾಡ್ಬೇಕು."

ಹೆಲ್ವಿಯನ್ನು ಕಾರಿನಲ್ಲಿ ಕರೆತಂದೆ. ಮನೆಯ ಮುಂದೆ ನಿಲ್ಲಿಸಿದಾಗ ಕೇಳಿದಳು:

"ನಿಜ ಹೇಳು. ನಂಗೋಸ್ಕರ ಹೇಳಿದ್ಯೋ, ಅವನು ಒಳ್ಳೆಯವನಾಗೋದನ್ನ ನೋಡೋಕಾಗ್ದೆ ಹೇಳಿದ್ಯೋ?"

ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು. "ಎರಡನೇದು," ಎಂದೆ.

"ನಂಗೊತ್ತಿತ್ತು." ಅವಳು ಮುಂದಿನ ಗಾಜಿನ ಆಚೆ ನೋಡುತ್ತಿದ್ದಳು. "ಸಾಯ್ತೀನಿ ಅಂತ ಅಂದ್ಕೊಂಡಿದ್ದೆ ಕಣೋ. ಹೊಟ್ಟೆಗೆ ಚೂರಿ ಹಾಕಿ ತಿರುವಿದ ಹಾಗೆ ಆಗ್ತಿತ್ತು. ನೀನು ಪಕ್ಕದಲ್ಲೇ ಕೂತಿದ್ದೆ, ಗೊತ್ತಿದ್ದೂ ಕೂತಿದ್ದೆ." ಬಾಗಿಲು ತೆಗೆದು ಒಂದು ಕಾಲು ಹೊರಗಿಟ್ಟಳು, ನಾನು ಹಿಡಿಯಲು ಹೋದರೆ ಕೈ ಕೊಡವಿಕೊಂಡಳು. "ಇವತ್ತು ಬುಧವಾರ. ಅವನ ಸೌನಾ ಕಾದಿರುತ್ತೆ. ಹೋಗಿ ಅವನಿಗೂ ಹೇಳು. ಅಲ್ಲಾದ್ರೆ ನೀನು ಕೂಗಾಡೋ ಹಾಗಿಲ್ಲ."

ಸೌನಾ ಎಂದರೆ ನಮ್ಮ ಹಬೆಸ್ನಾನದ ಕೋಣೆ, ಅಲ್ಲಿ ದನಿ ಎತ್ತಬಾರದೆಂದು ನನ್ನಜ್ಜಿ ಕೋಲು ಹಿಡಿದು ಕಲಿಸಿದ್ದಳು. ಚರ್ಚಿನಲ್ಲಿ ಹೇಗೋ ಹಾಗೆ.

ಓಸ್ಮೋ ಮೇಲಿನ ಹಲಗೆಯ ಮೇಲೆ ಬತ್ತಲೆ ಕೂತಿದ್ದ. ಬಟ್ಟೆ ಬಿಚ್ಚಿಟ್ಟು ಹೋಗಿ ಪಕ್ಕದಲ್ಲಿ ಕೂತೆ. ಮೈ ಬೆವರುವ ಮುಂಚೆಯೇ ಎಲ್ಲವನ್ನೂ ಹೇಳಿದೆ. ಬಾಗಿಲು, ತೋಳು, ಫೋನ್, ನಾನು ಬಯಸಿದ್ದು. ಅವನು ಸೌಟಿನಲ್ಲಿ ನೀರು ತೆಗೆದು ಕಾದ ಕಲ್ಲುಗಳ ಮೇಲೆ ಚೆಲ್ಲಿದ. ಹಬೆ ಎದ್ದು ಇಬ್ಬರೂ ತಲೆ ತಗ್ಗಿಸಿದೆವು.

"ತಾಗಿದ್ದು ನಂಗೆ ಗೊತ್ತೇ ಆಗ್ಲಿಲ್ಲ," ಎಂದ.

"ಮತ್ತೆ ನಂದೇ ತಪ್ಪು ಅಂತ ಯಾಕೆ ಹೇಳ್ದೆ? ನನ್ನ ಉಳ್ಸೋಕಾ? ಹೆಲ್ವಿ ಮುಂದೆ ದೊಡ್ಡವನಾಗೋಕಾ?"

"ನಿನ್ನ ಯೋಚ್ನೆ ನಂಗೆ ಬರ್ಲೇ ಇಲ್ಲ ಟೌನೋ."

ಬೆವರು ಅವನ ಮೂಗಿನ ತುದಿಯಿಂದ ಹಲಗೆಗೆ ತೊಟ್ಟಿಕ್ಕುತ್ತಿತ್ತು.

"ಲೆಂಪಿ ಅದೇ ವಾರ್ಡಲ್ಲಿ ಮಲಗಿದ್ಲು," ಎಂದ. "ಕೊರಿನ್ ಬಂದು ಇದೇ ಮಾತು ಕೇಳಿದ್ಲು. ಏನಾದ್ರೂ ತಾಗಿತ್ತಾ ಅಂತ. ತಾಗಿತ್ತು. ನನ್ನ ಹೆಬ್ಬೆರಳಿಗೇ ತಾಗಿತ್ತು, ಕಣ್ಣಾರೆ ನೋಡಿದ್ದೆ. ಇಲ್ಲ ಅಂದೆ. ಓಸ್ಮೋನ ಕೈ ಅಂದ್ರೆ ಕೈ ಅಂತ ಎಲ್ರೂ ಹೊಗಳ್ತಿದ್ರಲ್ಲ. ಹೇಳೋಕೆ ಮನಸ್ಸು ಬರ್ಲಿಲ್ಲ."

"ಹೃದಯ ನಿಂತು ಹೋದ್ಲು ಅಂತ..."

"ಕೊನೆಗೆ ನಿಂತಿದ್ದು ಹೃದಯಾನೇ. ಹೊಟ್ಟೆ ಕೀವಾಗಿ ಹನ್ನೊಂದು ದಿನ ಆದ್ಮೇಲೆ." ಅವನು ತನ್ನ ಎರಡೂ ಅಂಗೈಗಳನ್ನು ಮೊಣಕಾಲ ಮೇಲೆ ಮಗುಚಿಟ್ಟ. "ಅವತ್ತು ನಿನ್ನ ಹೆಂಡತಿ ಹಾಸಿಗೆ ಪಕ್ಕ ಕೊರಿನ್ ಮತ್ತೆ ಕೇಳಿದ್ಲು ನೋಡು, ನಂಗೆ ಲೆಂಪಿ ಮಲಗಿದ್ದ ಹಾಗೇ ಕಾಣಿಸ್ತು. ಹೌದು ಅಂದೆ. ಅಷ್ಟೇ."

ಅವನ ಕೈ, ಅವನ ಹಾಡು, ಅವನ ಹೆಸರು, ಕೊನೆಗೆ ಅವನು ಹೊತ್ತುಕೊಂಡ ತಪ್ಪು, ಒಂದೊಂದೂ ನನಗೆ ಬೇಕಾಗಿತ್ತು. ಆ ಹಲಗೆಯ ಮೇಲೆ ಕೂತು ಹುಡುಕಿದೆ. ಅವನ ಬಳಿ ನನಗೆ ಬೇಕಾದ್ದು ಒಂದೂ ಕಾಣಲಿಲ್ಲ. ಸೌಟಿಗೆ ಕೈ ಚಾಚಿದೆ, ಅವನು ತಡೆದ.

"ಮನೆಗೆ ಹೋಗು," ಎಂದ. "ನಿನ್ನ ಕಂಡ್ರೆ ನಂಗೆ ಹೊಟ್ಟೆ ಉರಿಯುತ್ತೆ ಟೌನೋ. ನೀನು ಬಾಯಿ ಬಿಡೋ ಹೊತ್ತಿಗೆ ಕೇಳಿಸ್ಕೊಳೋಕೆ ನಿನ್ನವಳು ಇನ್ನೂ ಇದ್ದಾಳೆ."